ಬಹುಮಾನಕ್ಕೆ ಹೆಸರು ಕೊಟ್ಟ ಗಣಿತದ ಮೇಷ್ಟ್ರು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮಂಥ ಜಿಲ್ಲಾ ವರದಿಗಾರರಿಗೆ ಒಂದೇ ಕೆಲಸ. ಗಣಿತದಲ್ಲಿ ನೂರಕ್ಕೆ ನೂರು ಬಂದ ಮಕ್ಕಳ ಮನೆ ಹುಡುಕುವುದು, ಅಪ್ಪ ಅಮ್ಮ ಬಾಯಿಗೆ ಪೇಡೆ ಇಡುವಾಗ ಫೋಟೊ ತೆಗೆಯುವುದು, ಮುಂದೆ ಏನಾಗ್ತೀಯಪ್ಪಾ ಎಂದು ಕೇಳುವುದು. ಡಾಕ್ಟರ್, ಎಂಜಿನಿಯರ್, ಐಎಎಸ್ ಎಂಬ ಉತ್ತರ ಬರುತ್ತದೆ. ಇಷ್ಟು ವರ್ಷ ಈ ಕೆಲಸ ಮಾಡಿದ್ದೇವೆ, ಗಣಿತವನ್ನೇ ಓದುತ್ತೇನೆ ಎಂದ ಮಗು ನಮಗೆ ಸಿಕ್ಕಿದ್ದು ಕಡಿಮೆ. ಹಾಗೆಂದು ಮಕ್ಕಳನ್ನು ದೂರುವಂತಿಲ್ಲ. ಗಣಿತ ಓದಿ ಬದುಕಿದವರು ಯಾರು, ಅವರು ಏನು ಮಾಡಿದರು ಎಂದು ನಾವಾದರೂ ಎಂದು ಬರೆದಿದ್ದೇವೆ?

ಅದಕ್ಕೇ ಈ ಸಲ ಒಂದು ಬಹುಮಾನದ ಕತೆ. ಹೆಸರು ಪಿ.ಎಲ್. ಭಟ್ನಾಗರ್ ಸ್ಮಾರಕ ಬಹುಮಾನ. ಕೊಡುವುದು ಭಾರತೀಯ ಗಣಿತ ಸಂಘ. ಪ್ರತಿ ವರ್ಷ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ಗೆ ನಮ್ಮ ದೇಶದಿಂದ ಆರು ಮಂದಿ ಹುಡುಗ ಹುಡುಗಿಯರು ಹೋಗುತ್ತಾರೆ. ಆ ಆರು ಜನರಲ್ಲಿ ಅತಿ ಹೆಚ್ಚು ಅಂಕ ತೆಗೆದವರಿಗೆ, ಪದಕವೂ ಬಂದಿದ್ದರೆ, ಈ ಬಹುಮಾನ. ಸಂಘದ ವಾರ್ಷಿಕ ಸಮ್ಮೇಳನದ ಉದ್ಘಾಟನೆಯ ವೇದಿಕೆಯಲ್ಲೇ ಕೊಡುತ್ತಾರೆ. ಹಣದ ಲೆಕ್ಕದಲ್ಲಿ ತೀರಾ ಸಣ್ಣದು. ನಮ್ಮ ಹೋಬಳಿ ಮಟ್ಟದ ಕಬಡ್ಡಿ ಪಂದ್ಯಕ್ಕೆ ಇದಕ್ಕಿಂತ ದೊಡ್ಡ ಮೊತ್ತ ಇಡುತ್ತಾರೆ. ಟಿವಿಯವರು ಬರುವುದಿಲ್ಲ, ಫ್ಲೆಕ್ಸ್ ಹಾಕುವುದಿಲ್ಲ.

ಆದರೆ ಆ ಹೆಸರಿನ ಹಿಂದೆ ಹೋದರೆ ನಾವು ಬಂದು ನಿಲ್ಲುವುದು ನಮ್ಮ ಬೆಂಗಳೂರಿನಲ್ಲೇ, ಮಲ್ಲೇಶ್ವರಂ ಪಕ್ಕದಲ್ಲಿ.

ಹದಿನೆಂಟನೇ ಕ್ರಾಸ್ ದಾಟಿದ ಮೇಲೆ

ಮಲ್ಲೇಶ್ವರಂ ನಿಮಗೆ ಗೊತ್ತಿರಬಹುದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಉತ್ತರಕ್ಕೆ ಮಲ್ಲೇಶ್ವರಂ, ದಕ್ಷಿಣಕ್ಕೆ ಬಸವನಗುಡಿ ಬಡಾವಣೆಗಳು ಬೆಳೆದವು. ಮಲ್ಲೇಶ್ವರಂನ ಹದಿನೆಂಟನೇ ಕ್ರಾಸ್ ದಾಟಿ ಮುಂದೆ ಹೋದರೆ ಮರಗಳ ನಡುವೆ ದೊಡ್ಡ ಆವರಣ ಸಿಗುತ್ತದೆ. ಅದು ಭಾರತೀಯ ವಿಜ್ಞಾನ ಸಂಸ್ಥೆ, ಹಳೆಯ ಬೆಂಗಳೂರಿನವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಜೆಮ್‌ಷೆಡ್‌ಜಿ ಟಾಟಾ ಅವರ ಕನಸಿಗೆ ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. ಸಂಸ್ಥೆ ಹುಟ್ಟಿದ್ದು 1909ರಲ್ಲಿ.

1956ರಲ್ಲಿ ಈ ಸಂಸ್ಥೆಗೆ ಅನ್ವಯಿಕ ಗಣಿತದ ಪ್ರಾಧ್ಯಾಪಕರಾಗಿ ದೆಹಲಿಯಿಂದ ಒಬ್ಬರು ಬಂದರು. ಅವರೇ ಪ್ರಭುಲಾಲ್ ಭಟ್ನಾಗರ್. ಹುಟ್ಟಿದ್ದು 1912ರಲ್ಲಿ, ರಾಜಸ್ಥಾನದ ಕೋಟಾದಲ್ಲಿ. ಓದಿದ್ದು ಜೈಪುರ, ಅಲಹಾಬಾದ್‌ನಲ್ಲಿ. 1940ರಿಂದ ಹದಿನೈದು ವರ್ಷ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಪಾಠ ಹೇಳಿದ್ದರು. ಕೋಟಾ ಎಂದರೆ ಈಗ ಕೋಚಿಂಗ್ ಊರು ಎಂದೇ ಎಲ್ಲರಿಗೂ ಗೊತ್ತು. ಆ ಊರಿನ ಒಬ್ಬ ಗಣಿತದ ಮೇಷ್ಟ್ರು ಕೋಚಿಂಗ್‌ಗೆ ತೀರಾ ಬೇರೆಯಾದ ದಾರಿಯನ್ನು ಬೆಂಗಳೂರಿನಲ್ಲಿ ಹಾಕಿಕೊಟ್ಟರು.

ಬೆಂಗಳೂರಿಗೆ ಬರುವ ಹೊತ್ತಿಗೇ ಭಟ್ನಾಗರ್ ಹೆಸರು ಜಗತ್ತಿಗೆ ಗೊತ್ತಾಗಿತ್ತು. 1954ರಲ್ಲಿ ಅವರು, ಯೂಜೀನ್ ಗ್ರಾಸ್, ಮ್ಯಾಕ್ಸ್ ಕ್ರೂಕ್ ಮೂವರೂ ಸೇರಿ ಒಂದು ಲೇಖನ ಬರೆದಿದ್ದರು. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಅದನ್ನು ಇವತ್ತಿಗೂ ಬಿಜಿಕೆ ಮಾದರಿ ಎನ್ನುತ್ತಾರೆ.

ಅದು ಏನು? ಸಂತೆ ದಿನ ನೆನೆಸಿಕೊಳ್ಳಿ. ಸಾವಿರ ಜನ, ಒಬ್ಬರಿಗೊಬ್ಬರು ತಾಗುತ್ತಾರೆ, ತಳ್ಳುತ್ತಾರೆ, ದಿಕ್ಕು ಬದಲಿಸುತ್ತಾರೆ. ಗಾಳಿಯೊಳಗಿನ ಕಣಗಳೂ ಹಾಗೆಯೇ. ಒಂದೊಂದು ಡಿಕ್ಕಿಯ ಲೆಕ್ಕ ಇಡುತ್ತಾ ಹೋದರೆ ಲೆಕ್ಕ ಮುಗಿಯುವುದೇ ಇಲ್ಲ. ಬೋಲ್ಟ್ಸ್‌ಮನ್ ಎಂಬ ವಿಜ್ಞಾನಿ 1872ರಲ್ಲೇ ಇದಕ್ಕೆ ಸಮೀಕರಣ ಬರೆದಿದ್ದ. ಆದರೆ ಅದರಲ್ಲಿ ಡಿಕ್ಕಿಗಳ ಭಾಗ ಬಿಡಿಸಲಾಗದ ಕಗ್ಗಂಟು. ಭಟ್ನಾಗರ್ ಮತ್ತು ಗೆಳೆಯರು ಒಂದು ಸರಳ ದಾರಿ ಹೇಳಿದರು. ಡಿಕ್ಕಿ ಹೇಗೇ ಆಗಲಿ, ಕೊನೆಗೆ ಎಲ್ಲವೂ ಒಂದು ಸಮಸ್ಥಿತಿಗೆ ಬರುತ್ತದೆ. ಬಿಸಿ ಚಹಾ ಲೋಟದಲ್ಲಿ ಮೆಲ್ಲಗೆ ಆರುವ ಹಾಗೆ. ಆ ಸಮಸ್ಥಿತಿಯಿಂದ ಈಗ ಎಷ್ಟು ದೂರ ಇದ್ದೇವೆ, ಅಲ್ಲಿಗೆ ಮುಟ್ಟಲು ಎಷ್ಟು ಹೊತ್ತು ಬೇಕು, ಇಷ್ಟನ್ನೇ ಬರೆದರೆ ಸಾಕು ಎಂದರು. ಕಂಪ್ಯೂಟರಿನಲ್ಲಿ ನೀರು, ಗಾಳಿಯ ಹರಿವನ್ನು ಲೆಕ್ಕ ಹಾಕುವವರು ಈಗಲೂ ಈ ದಾರಿಯಲ್ಲಿ ನಡೆಯುತ್ತಾರೆ.

ಇಷ್ಟು ದೊಡ್ಡ ಹೆಸರು ಮಾಡಿದವರು ತಮ್ಮ ಕೋಣೆಯಲ್ಲಿ ಕೂತು ಸಂಶೋಧನೆ ಮಾಡಿಕೊಂಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. 1968ರಲ್ಲಿ ಪದ್ಮಭೂಷಣವೂ ಬಂತು. ಆದರೆ ಅದೇ ಕಾಲದಲ್ಲಿ ಅವರ ಗಮನ ಹೈಸ್ಕೂಲಿನ ಮಕ್ಕಳ ಕಡೆ ಹೊರಳಿತ್ತು.

ಉತ್ತರ ಬೇಡ, ಕಾರಣ ಹೇಳು

ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ ಶುರುವಾಗಿದ್ದು 1959ರಲ್ಲಿ, ರುಮೇನಿಯಾ ದೇಶದಲ್ಲಿ. ಭಾರತ ಅದರಲ್ಲಿ ಇರಲಿಲ್ಲ. ಅರವತ್ತರ ದಶಕದ ಕೊನೆ, ಎಪ್ಪತ್ತರ ದಶಕದ ಶುರುವಿನಲ್ಲಿ ಭಟ್ನಾಗರ್ ಆ ಬಗೆಯ ಸ್ಪರ್ಧೆಗಳನ್ನು ನಮ್ಮಲ್ಲಿ ನಡೆಸಿದರು. ಮೊದಲು ಬೆಂಗಳೂರಿನಲ್ಲಿ, ಆಮೇಲೆ ದೇಶದ ಮಟ್ಟದಲ್ಲಿ. ಬೇರೆ ರಾಜ್ಯಗಳಲ್ಲೂ ಗಣಿತದ ಶಿಕ್ಷಕರು, ಅವರ ಸಂಘಗಳು ಇಂಥ ಕೆಲಸ ಮಾಡುತ್ತಿದ್ದವು. ಆದರೆ ಈ ಇತಿಹಾಸ ಹೇಳುವವರು ಒಬ್ಬ ವ್ಯಕ್ತಿಯ ಹೆಸರು ಎತ್ತಿ ಹೇಳಬೇಕಾದರೆ ಭಟ್ನಾಗರ್ ಹೆಸರನ್ನೇ ಹೇಳುತ್ತಾರೆ.

ಶಾಲೆಯ ಪರೀಕ್ಷೆಗೂ ಇದಕ್ಕೂ ಏನು ವ್ಯತ್ಯಾಸ? ಒಂದು ಲೆಕ್ಕ ನೋಡೋಣ. 1ರಿಂದ 100ರವರೆಗಿನ ಸಂಖ್ಯೆಗಳಲ್ಲಿ ನಿಮಗೆ ಇಷ್ಟ ಬಂದ 51 ಸಂಖ್ಯೆ ಆರಿಸಿ. ಹೇಗೇ ಆರಿಸಿದರೂ ಅದರಲ್ಲಿ ಎರಡು ಸಂಖ್ಯೆ ಅಕ್ಕಪಕ್ಕದವು ಇದ್ದೇ ಇರುತ್ತವೆ. ಯಾಕೆ?

ಇದಕ್ಕೆ ಸೂತ್ರ ಬೇಕಿಲ್ಲ. ಬಸ್ಸಿನಲ್ಲಿ ಇಬ್ಬರು ಕೂರುವ ಸೀಟು 50 ಇವೆ ಎಂದುಕೊಳ್ಳಿ. ಮೊದಲ ಸೀಟು 1 ಮತ್ತು 2ಕ್ಕೆ, ಎರಡನೆಯದು 3 ಮತ್ತು 4ಕ್ಕೆ, ಹೀಗೆ ಕೊನೆಯ ಸೀಟು 99 ಮತ್ತು 100ಕ್ಕೆ. ಸೀಟಿಗೆ ಒಬ್ಬರಂತೆ ಕೂರಿಸಿದರೆ 50 ಜನಕ್ಕೆ ಜಾಗ. ಐವತ್ತೊಂದನೆಯವನು ಯಾರದೋ ಪಕ್ಕ ಕೂರಲೇಬೇಕು. ಆ ಸೀಟಿನ ಇಬ್ಬರೂ ಅಕ್ಕಪಕ್ಕದ ಸಂಖ್ಯೆಗಳೇ. ಮುಗಿಯಿತು.

ಏಳನೇ ಕ್ಲಾಸಿನ ಮಗುವಿಗೂ ಇದು ಅರ್ಥವಾಗುತ್ತದೆ. ಆದರೆ ತಾನಾಗಿ ಹೊಳೆಯಬೇಕಾದರೆ ಒಂದು ಗಂಟೆಯೋ ಒಂದು ದಿನವೋ ಅದರ ಜೊತೆ ಕೂರಬೇಕು. ನಮ್ಮ ಶಾಲೆಗಳಲ್ಲಿ ಲೆಕ್ಕಕ್ಕೆ ಮೂರು ನಿಮಿಷ, ಮೂರು ಮಾರ್ಕು. ಒಲಿಂಪಿಯಾಡ್‌ನಲ್ಲಿ ಎರಡು ದಿನ ಪರೀಕ್ಷೆ, ದಿನಕ್ಕೆ ನಾಲ್ಕೂವರೆ ಗಂಟೆ. ಅಷ್ಟು ಹೊತ್ತಿಗೆ ಕೊಡುವುದು ಮೂರೇ ಪ್ರಶ್ನೆ. ಪ್ರಶ್ನೆಗೆ 7 ಅಂಕ, ಒಟ್ಟು 42. ಉತ್ತರವನ್ನಷ್ಟೇ ಬರೆದರೆ ಸಾಲದು, ಕಾರಣವನ್ನು ಮೊದಲಿನಿಂದ ಕೊನೆಯವರೆಗೆ ಕೊಂಡಿ ತಪ್ಪದಂತೆ ಬರೆಯಬೇಕು.

ಭಟ್ನಾಗರ್ ಬೆಂಗಳೂರಿನಿಂದ ರಾಜಸ್ಥಾನ ವಿಶ್ವವಿದ್ಯಾಲಯದ ಕುಲಪತಿಯಾಗಿ ಹೋದರು. ಆಮೇಲೆ ಹಿಮಾಚಲ ಪ್ರದೇಶ ವಿಶ್ವವಿದ್ಯಾಲಯ. ಕೊನೆಗೆ ಅಲಹಾಬಾದ್‌ನಲ್ಲಿ ಮೆಹ್ತಾ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಈಗ ಅದಕ್ಕೆ ಹರೀಶ್‌ಚಂದ್ರ ಸಂಶೋಧನಾ ಸಂಸ್ಥೆ ಎಂದು ಹೆಸರು. 1976ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅಂತರರಾಷ್ಟ್ರೀಯ ಒಲಿಂಪಿಯಾಡ್‌ಗೆ ಭಾರತದ ತಂಡ ಹೋಗುವುದನ್ನು ಅವರು ನೋಡಲಿಲ್ಲ. ಉನ್ನತ ಗಣಿತದ ರಾಷ್ಟ್ರೀಯ ಮಂಡಳಿ ಈ ಕೆಲಸ ಕೈಗೆತ್ತಿಕೊಂಡಿದ್ದು 1986ರಲ್ಲಿ. ನಮ್ಮ ಮಕ್ಕಳು ಮೊದಲ ಸಲ ಹೋಗಿದ್ದು 1989ರಲ್ಲಿ, ಜರ್ಮನಿಗೆ. ಭಟ್ನಾಗರ್ ತೀರಿಕೊಂಡು ಹದಿಮೂರು ವರ್ಷ ಆಗಿತ್ತು.

ಮಾವಿನ ಗಿಡ ನೆಟ್ಟವರು ಹಣ್ಣು ತಿನ್ನುವುದಿಲ್ಲ ಎಂದು ನಮ್ಮ ಕಡೆ ಹೇಳುವುದು ಇಂಥದ್ದಕ್ಕೇ. ತಂಡದಲ್ಲಿ ಮೊದಲು ಬಂದವರಿಗೆ ಅವರ ಹೆಸರಿನ ಬಹುಮಾನ ಯಾಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಭಟ್ನಾಗರ್ ಹೋದ ಮೇಲೂ ಬೆಂಗಳೂರು ಆ ಕೆಲಸ ಬಿಡಲಿಲ್ಲ. ಅದೇ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಗಣಿತ ಒಲಿಂಪಿಯಾಡ್ ಘಟಕ ಬಹಳ ಕಾಲ ನಡೆಯಿತು. ಸಿ.ಆರ್. ಪ್ರಾಣೇಶಾಚಾರ್, ಬಿ.ಜೆ. ವೆಂಕಟಾಚಲ, ಸಿ.ಎಸ್. ಯೋಗಾನಂದ ಅಂಥವರು ಪ್ರಶ್ನೆ ರೂಪಿಸುವುದು, ಮಕ್ಕಳನ್ನು ತಯಾರು ಮಾಡುವುದರಲ್ಲಿ ವರ್ಷಗಟ್ಟಲೆ ದುಡಿದರು. 2019, 2021, 2022ರಲ್ಲಿ ಬೆಂಗಳೂರಿನ ಪ್ರಾಂಜಲ್ ಶ್ರೀವಾಸ್ತವ ಮೂರು ಚಿನ್ನ ತಂದಾಗ ಪೇಪರಿನವರು ಬರೆದರು. 2024ರಲ್ಲಿ ಇಂಗ್ಲೆಂಡಿನ ಬಾತ್ ಊರಿನಲ್ಲಿ ಭಾರತ ನಾಲ್ಕು ಚಿನ್ನ ಗೆದ್ದು ನಾಲ್ಕನೇ ಸ್ಥಾನಕ್ಕೆ ಬಂದಾಗಲೂ ಬರೆದರು. ಭಟ್ನಾಗರ್ ಹೆಸರು ಮಾತ್ರ ಆ ಸುದ್ದಿಗಳಲ್ಲಿ ನಮಗೆ ಕಾಣಲಿಲ್ಲ.

ಇನ್ನೂ ಹಳೆಯ ಒಂದು ಕೊಂಡಿ

ಬಹುಮಾನ ಕೊಡುವ ಸಂಘಕ್ಕೂ ನಮ್ಮ ಊರುಗಳಿಗೂ ಹಳೆಯ ನಂಟಿದೆ. ಬಳ್ಳಾರಿಯಿಂದ ರೈಲಿನಲ್ಲಿ ಗುಂತಕಲ್ ದಾಟಿದರೆ ಗುತ್ತಿ ಸಿಗುತ್ತದೆ. 1906ರ ಕೊನೆಗೆ ಅಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದವರು ವಿ. ರಾಮಸ್ವಾಮಿ ಅಯ್ಯರ್. ಅದಕ್ಕೂ ಮೊದಲು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಕಂದಾಯದ ಕಡತ ನೋಡುತ್ತಿದ್ದರೂ ಗಣಿತದ ಹುಚ್ಚು ಬಿಟ್ಟಿರಲಿಲ್ಲ. ಹೊರದೇಶದ ಗಣಿತದ ಪುಸ್ತಕ, ಪತ್ರಿಕೆ ಒಬ್ಬರ ಸಂಬಳದಲ್ಲಿ ತರಿಸುವುದು ಆಗದ ಮಾತು. ಹತ್ತು ಜನ ಚಂದಾ ಹಾಕಿ ತರಿಸಿ, ಅಂಚೆಯಲ್ಲಿ ಒಬ್ಬರಿಂದೊಬ್ಬರಿಗೆ ಕಳಿಸಿಕೊಂಡು ಓದಿದರೆ? ಹಾಗೆಂದು ಗೆಳೆಯರಿಗೆ ಕಾಗದ ಬರೆದರು. 1907ರಲ್ಲಿ ಸಂಘ ಹುಟ್ಟಿತು. ನಮ್ಮೂರಲ್ಲಿ ಹತ್ತು ಜನ ಸೇರಿ ಒಂದು ಪೇಪರ್ ತರಿಸಿ ಚಹಾದಂಗಡಿಯಲ್ಲಿ ಓದುವ ಪದ್ಧತಿಯೇ ಇದು.

1909ರಲ್ಲಿ ಸಂಘ ತನ್ನದೇ ಪತ್ರಿಕೆ ಶುರು ಮಾಡಿತು. ಅದರ ಸಂಪಾದಕರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಗಣಿತದ ಪ್ರಾಧ್ಯಾಪಕ ಎಂ.ಟಿ. ನಾರಾಯಣ ಅಯ್ಯಂಗಾರ್. 1927ರವರೆಗೂ ಅವರೇ ನಡೆಸಿದರು. ಮೆಜೆಸ್ಟಿಕ್‌ನಿಂದ ಕೆ.ಜಿ. ರಸ್ತೆಯಲ್ಲಿ ಮೈಸೂರು ಬ್ಯಾಂಕ್ ವೃತ್ತ ದಾಟಿದರೆ ಸೆಂಟ್ರಲ್ ಕಾಲೇಜಿನ ಹಳೆಯ ಕಟ್ಟಡ ಈಗಲೂ ಕಾಣುತ್ತದೆ.

1911ರ ಹೊತ್ತಿಗೆ ಅವರ ಮೇಜಿಗೆ ಮದ್ರಾಸಿನಿಂದ ಒಂದು ಲೇಖನ ಬಂತು. ಬರೆದವನಿಗೆ ಇಪ್ಪತ್ತಮೂರು ವರ್ಷ. ಕಾಲೇಜು ಪರೀಕ್ಷೆಯಲ್ಲಿ ಫೇಲು, ಕೆಲಸ ಇಲ್ಲ. ಹಿಂದಿನ ವರ್ಷ ಇದೇ ರಾಮಸ್ವಾಮಿ ಅಯ್ಯರ್ ಬಳಿ ಗುಮಾಸ್ತಿಕೆ ಕೇಳಿಕೊಂಡು ಹೋಗಿದ್ದ. ಅವನ ನೋಟ್‌ಬುಕ್ ನೋಡಿದ ಅಯ್ಯರ್, ಇವನನ್ನು ಕಂದಾಯ ಇಲಾಖೆಯಲ್ಲಿ ಹೂತು ಹಾಕುವುದು ಬೇಡ ಎಂದುಕೊಂಡು, ಮದ್ರಾಸಿನ ಗಣಿತದ ಗೆಳೆಯರಿಗೆ ಪತ್ರ ಕೊಟ್ಟು ಕಳಿಸಿದ್ದರು. ಹುಡುಗನ ಹೆಸರು ಶ್ರೀನಿವಾಸ ರಾಮಾನುಜನ್.

ಬಂದ ಲೇಖನ ಹಾಗೇ ಅಚ್ಚಿಗೆ ಹೋಗುವಂತಿರಲಿಲ್ಲ. ಹೊಸ ವಿಚಾರಗಳೇನೋ ತುಂಬಿದ್ದವು, ಆದರೆ ಹೆಜ್ಜೆಗಳು ಇಲ್ಲ. ಓದುವವರಿಗೆ ದಾರಿ ಕಾಣುತ್ತಿರಲಿಲ್ಲ. ನಾರಾಯಣ ಅಯ್ಯಂಗಾರ್ ಅದನ್ನು ಬುಟ್ಟಿಗೆ ಹಾಕಬಹುದಿತ್ತು. ಹಾಕಲಿಲ್ಲ. ತಿದ್ದಲು ವಾಪಸ್ ಕಳಿಸಿದರು, ಮತ್ತೆ ಬಂತು, ಮತ್ತೆ ಕಳಿಸಿದರು. ಹೀಗೆ ಬೆಂಗಳೂರು, ಮದ್ರಾಸ್ ನಡುವೆ ಮೂರು ಸಲ ಓಡಾಡಿದ ಮೇಲೆ ಅದು ಅಚ್ಚಾಯಿತು. ರಾಮಾನುಜನ್ ಅವರ ಮೊದಲ ಲೇಖನ ಅದು. ಕೇಂಬ್ರಿಡ್ಜ್‌ನ ಹಾರ್ಡಿಗೆ ಪತ್ರ ಹೋಗಿದ್ದು ಅದಾದ ಮೇಲೆ, 1913ರಲ್ಲಿ.

ಅದೇ ಪತ್ರಿಕೆಯಲ್ಲಿ ಓದುಗರಿಗೆ ಪ್ರಶ್ನೆ ಕೇಳುವ ಅಂಕಣ ಇತ್ತು. ರಾಮಾನುಜನ್ ಒಂದು ಪ್ರಶ್ನೆ ಹಾಕಿದರು. ವರ್ಗಮೂಲದ ಒಳಗೆ 1 ಕೂಡಿಸು 2 ಗುಣಿಸು ಇನ್ನೊಂದು ವರ್ಗಮೂಲ, ಅದರೊಳಗೆ 1 ಕೂಡಿಸು 3 ಗುಣಿಸು ಮತ್ತೊಂದು ವರ್ಗಮೂಲ, ಹೀಗೆ ಕೊನೆಯಿಲ್ಲದೆ. ಇದರ ಬೆಲೆ ಎಷ್ಟು? ಮೂರು ಸಂಚಿಕೆ ಕಳೆದರೂ ಯಾರೂ ಉತ್ತರ ಕಳಿಸಲಿಲ್ಲ. ಕೊನೆಗೆ ಅವರೇ ಹೇಳಿದರು.

ನೀವೇ ಒಂದು ಚೀಟಿ ತೆಗೆದುಕೊಂಡು ನೋಡಿ. 3 ಎಂದರೆ 9ರ ವರ್ಗಮೂಲ. 9 ಎಂದರೆ 1 + 2 × 4. ಆ 4 ಎಂದರೆ 16ರ ವರ್ಗಮೂಲ. 16 ಎಂದರೆ 1 + 3 × 5. ಆ 5 ಎಂದರೆ 25ರ ವರ್ಗಮೂಲ, 25 ಎಂದರೆ 1 + 4 × 6. ಹೀಗೆ ಬಿಚ್ಚುತ್ತಾ ಹೋದರೆ ಮೇಲಿನ ಸಾಲು ತಾನೇ ತಾನಾಗಿ ಬರುತ್ತದೆ. ಉತ್ತರ 3.

ಯಾರ ಮಕ್ಕಳಿಗೆ ಈ ಬಹುಮಾನ?

ಈಗ ನಮ್ಮನ್ನು ಕಾಡುವ ಮಾತಿಗೆ ಬರೋಣ. ಭಟ್ನಾಗರ್ ಬಹುಮಾನ ತಂಡದ ಮೊದಲನೆಯವರಿಗೆ ಸಿಗುತ್ತದೆ. ಆ ತಂಡಕ್ಕೆ ಬರುವವರು ಹೆಚ್ಚಾಗಿ ದೊಡ್ಡ ಊರಿನವರು, ಒಳ್ಳೆಯ ಶಾಲೆಯವರು, ಚಿಕ್ಕ ವಯಸ್ಸಿನಿಂದಲೇ ಯಾರೋ ದಾರಿ ತೋರಿಸಿದವರು. ಅವರ ಬುದ್ಧಿಯಲ್ಲಿ, ಶ್ರಮದಲ್ಲಿ ಅನುಮಾನವಿಲ್ಲ. ಆದರೆ ನಮ್ಮ ತಾಲ್ಲೂಕಿನ ಎಷ್ಟು ಶಾಲೆಗಳಿಗೆ ಇಂಥ ಪರೀಕ್ಷೆ ಇದೆ ಎಂಬುದೇ ಗೊತ್ತು? ನಾವು ಮಾತಾಡಿಸಿದ ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ ಕೆಲವರು ಹೆಸರು ಕೇಳಿದ್ದರು, ಮಕ್ಕಳನ್ನು ಕೂರಿಸಿದವರು ಇರಲಿಲ್ಲ. ಗಣಿತದ ಜೊತೆ ವಿಜ್ಞಾನ, ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ ಕೆಲಸ ಎಲ್ಲ ಹೊತ್ತವರಿಗೆ ಇದನ್ನೂ ಹೊರಿಸಿ ದೂರುವುದು ನ್ಯಾಯವಲ್ಲ.

ಬುದ್ಧಿ ಇರುವ ಮಗು ಹೇಗಾದರೂ ಮೇಲೆ ಬರುತ್ತದೆ ಎಂದು ಹೇಳುವವರಿದ್ದಾರೆ. ರಾಮಾನುಜನ್ ಕತೆ ಹಾಗೆ ಹೇಳುವುದಿಲ್ಲ. ಗುಮಾಸ್ತಿಕೆ ಕೇಳಿದವನ ನೋಟ್‌ಬುಕ್ ತೆರೆದು ನೋಡಿದವರು ಇದ್ದರು. ಅರ್ಥವಾಗದ ಲೇಖನವನ್ನು ಮೂರು ಸಲ ಓದಿದವರು ಬೆಂಗಳೂರಿನಲ್ಲಿದ್ದರು. ಅವರಿಬ್ಬರೂ ಪ್ರತಿಭೆಯಲ್ಲಿ ರಾಮಾನುಜನ್ ಹತ್ತಿರಕ್ಕೂ ಬರುವವರಲ್ಲ. ಆದರೆ ಅವರು ತಾಳ್ಮೆಯಿಂದ ಓದದೇ ಹೋಗಿದ್ದರೆ?

ಬೆಂಗಳೂರಿನ ಇನ್ನೊಂದು ತುದಿ ಬಸವನಗುಡಿಯಲ್ಲೂ ಇದೇ ಪಾಠ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಸ್ಸಿಗೆ ದುಡ್ಡಿಲ್ಲದೆ ನಡೆದೇ ಬೆಂಗಳೂರಿಗೆ ಬಂದ ಹುಡುಗ ನ್ಯಾಷನಲ್ ಹೈಸ್ಕೂಲಿಗೆ ಸೇರಿದ. ಮುಂದೆ ಭೌತಶಾಸ್ತ್ರದ ಮೇಷ್ಟ್ರಾದ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ. ಅವರೇ ಎಚ್. ನರಸಿಂಹಯ್ಯ, ಎಲ್ಲರ ಬಾಯಲ್ಲಿ ಎಚ್ಚೆನ್. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನಲ್ಲಿ ಯಾರು ಬೇಕಾದರೂ ಬಂದು ಕೂತು ವಿಜ್ಞಾನದ ಮಾತು ಕೇಳಬಹುದಿತ್ತು. ಟಿಕೆಟ್ ಇಲ್ಲ, ಅರ್ಜಿ ಇಲ್ಲ. ಹಳ್ಳಿಯಿಂದ ನಡೆದು ಬಂದವರಿಗೆ ಬಾಗಿಲು ತೆರೆದಿಡುವುದು ಎಷ್ಟು ಮುಖ್ಯ ಎಂದು ಗೊತ್ತಿತ್ತು.

ಹಾಗಾಗಿ ಈ ಬಹುಮಾನವನ್ನು ನಾವು ಗೆದ್ದವರ ಕಡೆಯಿಂದ ನೋಡುವುದಕ್ಕಿಂತ ಹೆಸರಿನ ಕಡೆಯಿಂದ ನೋಡಬೇಕು ಅನ್ನಿಸುತ್ತದೆ. ಜಗತ್ತೇ ಮೆಚ್ಚಿದ ಪ್ರಾಧ್ಯಾಪಕರೊಬ್ಬರು ಹೈಸ್ಕೂಲಿನ ಮಕ್ಕಳಿಗೆ ಪ್ರಶ್ನೆ ಪತ್ರಿಕೆ ತಯಾರಿಸಲು ಕೂತರು. ಅದು ಅವರ ಕೆಲಸದ ಕರಾರಿನಲ್ಲಿ ಇರಲಿಲ್ಲ. ನೆನಪಿಡಬೇಕಾದ್ದು ಅದು.

ನಮ್ಮೂರಿನ ಮಗುವಿಗೆ ದಾರಿ

ದಾರಿ ಹೀಗಿದೆ. ಎಂಟರಿಂದ ಹನ್ನೆರಡನೇ ತರಗತಿಯ ಮಕ್ಕಳು ಮೊದಲು ಐಒಕ್ಯೂಎಂ ಎಂಬ ಪರೀಕ್ಷೆ ಬರೆಯಬೇಕು. ಮೂರು ಗಂಟೆ, 30 ಪ್ರಶ್ನೆ. ಪ್ರತಿ ಉತ್ತರವೂ 0ಯಿಂದ 99ರೊಳಗಿನ ಒಂದು ಸಂಖ್ಯೆ. ಅದರಲ್ಲಿ ಆಯ್ಕೆಯಾದವರಿಗೆ ಪ್ರಾದೇಶಿಕ ಒಲಿಂಪಿಯಾಡ್, ಅದರಲ್ಲಿ ಗೆದ್ದವರಿಗೆ ರಾಷ್ಟ್ರೀಯ ಒಲಿಂಪಿಯಾಡ್. ಅಲ್ಲಿಂದ ತರಬೇತಿ ಶಿಬಿರ, ಶಿಬಿರದಿಂದ ಆರು ಜನ. ಆ ಆರು ಜನರಲ್ಲಿ ಒಬ್ಬರಿಗೆ ಭಟ್ನಾಗರ್ ಬಹುಮಾನ. ನೋಂದಣಿ ಶಾಲೆ ಅಥವಾ ಪರೀಕ್ಷಾ ಕೇಂದ್ರದ ಮೂಲಕ. ದಿನಾಂಕ, ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಶಾಲೆ ತೆರೆದ ಕೂಡಲೇ ಮೇಷ್ಟ್ರನ್ನು ಕೇಳಿ, ಮೇಷ್ಟ್ರಿಗೆ ಗೊತ್ತಿಲ್ಲದಿದ್ದರೆ ಈ ಬರಹ ತೋರಿಸಿ.

ಹಳೆಯ ಪ್ರಶ್ನೆ ಪತ್ರಿಕೆಗಳು ಫೋನಿನಲ್ಲೇ ಉಚಿತವಾಗಿ ಸಿಗುತ್ತವೆ. ವಾರಕ್ಕೆ ಒಂದೇ ಒಂದು ಪ್ರಶ್ನೆ ಸಾಕು. ಅದನ್ನು ಶಾಲೆಯ ಬೋರ್ಡಿನ ಮೂಲೆಯಲ್ಲಿ ಬರೆದಿಡಿ, ಅಳಿಸಬೇಡಿ. ಮಕ್ಕಳು ಬಿಡಿಸಿಕೊಂಡು ಬಂದರೆ ಓದಿ. ತಪ್ಪಾಗಿದ್ದರೂ ಪೂರ್ತಿ ಓದಿ, ಎಲ್ಲಿ ಕೊಂಡಿ ತಪ್ಪಿದೆ ಎಂದು ತೋರಿಸಿ ವಾಪಸ್ ಕೊಡಿ. ಸೆಂಟ್ರಲ್ ಕಾಲೇಜಿನ ಮೇಷ್ಟ್ರು ಮಾಡಿದ್ದು ಅಷ್ಟೇ.

ನಾವೂ ಒಂದು ಮಾತು ಕೊಡುತ್ತೇವೆ. ಮುಂದಿನ ಫಲಿತಾಂಶದ ದಿನ ನೂರಕ್ಕೆ ನೂರು ಬಂದವರ ಫೋಟೊ ತೆಗೆಯುತ್ತೇವೆ, ಅದು ನಮ್ಮ ಕೆಲಸ. ಜೊತೆಗೆ ಮೇಷ್ಟ್ರ ಹೆಸರನ್ನೂ ಕೇಳಿ ಬರೆದುಕೊಳ್ಳುತ್ತೇವೆ. ಮತ್ತು ಆ ಮಗುವಿಗೆ ಮುಂದೇನು ಎಂದು ಕೇಳುವ ಮೊದಲು ಆ 51 ಸಂಖ್ಯೆಗಳ ಲೆಕ್ಕ ಕೇಳುತ್ತೇವೆ. ಅವಸರ ಮಾಡದೆ ಕಾಯುತ್ತೇವೆ.